ಸ್ವಿಚ್ಚಿನ ಮೇಲೆ ಬೆರಳು

ಪ್ರಯೋಗಾಲಯದ ದೊಡ್ಡ ದೀಪಗಳೆಲ್ಲ ಆರಿವೆ, ಮೂಲೆಯಲ್ಲಿ ಹಳದಿ ಬಲ್ಬೊಂದು ಉರಿಯುತ್ತಿದೆ. ಅಕ್ರಿಲೇಟ್ ಎಂಬ ದ್ರವದ ಘಾಟು ಮೂಗಿಗಡರಿ ಗಂಟಲಲ್ಲಿ ಕೂತುಬಿಟ್ಟಿದೆ. ಫ್ಯೂಮ್ ಹುಡ್‌ನ ಗಾಜನ್ನು ಇನ್ನಷ್ಟು ಕೆಳಗೆಳೆಯುತ್ತೀರಿ. ಕೈಗವಸಿನೊಳಗೆ ಬೆರಳು ಬೆವೆತಿವೆ, ಆದರೆ ತೆಗೆಯುವಂತಿಲ್ಲ. ಈ ದ್ರವ ಒಮ್ಮೆ ಚರ್ಮಕ್ಕೆ ಒಗ್ಗದೆ ಹೋಯಿತೋ, ಆಮೇಲೆ ಒಂದು ಹನಿ ಸೋಕಿದರೂ ತುರಿಕೆ.

ಸುಗಂಧವನ್ನು ಪುಟ್ಟ ಕೋಶಗಳಲ್ಲಿ ತುಂಬುವುದು ನಿಮ್ಮ ಗುರಿ. ಎದುರಿನ ಸೀಸೆಯಲ್ಲಿ ಲ್ಯಾಪೊನೈಟ್ ಎಂಬ ಜೇಡಿ ಬೆರೆಸಿದ ನೀರಿದೆ, ಜೇಡಿ ಹಾಕಿದ್ದೇ ಗೊತ್ತಾಗದಷ್ಟು ತಿಳಿಯಾಗಿ. ಅದರ ಒಂದೊಂದು ಬಿಲ್ಲೆಯೂ ಹಪ್ಪಳದಂತೆ: ಅಗಲ ಸುಮಾರು 25 ನ್ಯಾನೊಮೀಟರ್, ದಪ್ಪ ಬರೀ 1. ಋಣ ವಿದ್ಯುದಂಶ ಹೊತ್ತ ಈ ಬಿಲ್ಲೆಗಳು ಒಂದನ್ನೊಂದು ದೂಡುತ್ತವೆ, ಆಮೇಲೆ ಬೆರೆಸಲಿರುವ ಎಣ್ಣೆಯ ಹನಿಯ ಬಳಿ ನಿಲ್ಲಲೊಲ್ಲವು. ಅದಕ್ಕೇ ಚಿಟಿಕೆ ಉಪ್ಪು. ಕಡಿಮೆಯಾದರೆ ಜೇಡಿ ಹನಿಗೆ ಅಂಟದು, ಹೆಚ್ಚಾದರೆ ಇಡೀ ನೀರೇ ಲೋಳೆಗಟ್ಟುತ್ತದೆ. ಹಾಕುತ್ತೀರಿ. ನೀರು ತುಸು ಮಬ್ಬಾಗುತ್ತದೆ. ಸಾಕು, ಕೈ ತಡೆಯಿರಿ.

ಈಗ ಎಣ್ಣೆಯ ಸರದಿ. ಅದರಲ್ಲಿ ಸುಗಂಧ ತೈಲವಿದೆ, ಹನಿಯ ಸುತ್ತ ಗೋಡೆಯಾಗಿ ಗಟ್ಟಿಯಾಗಬೇಕಾದ ಅಕ್ರಿಲೇಟ್ ಇದೆ, ಬೆಳಕು ಬಿದ್ದೊಡನೆ ಒಡೆದು ಕ್ರಿಯೆಗೆ ಕಿಡಿ ಹಚ್ಚುವ ಇನಿಶಿಯೇಟರ್ ಇದೆ. ಎಣ್ಣೆ, ನೀರು ಎರಡನ್ನೂ ಕಡೆಯುವ ಹೋಮೊಜಿನೈಸರ್ ಕಿರುಚುತ್ತದೆ, ಹಲ್ಲಿನ ಬುಡ ಜುಮ್ಮೆನ್ನುತ್ತದೆ. ನಿಲ್ಲಿಸಿದರೆ ಸೀಸೆಯ ತುಂಬ ಬೆಳ್ಳಗಿನ ದ್ರವ. ಸೋಪಿನಂಥದ್ದೇನೂ ಹಾಕಿಲ್ಲ, ಹನಿಗಳನ್ನು ಕೂಡದಂತೆ ತಡೆದಿರುವುದು ಜೇಡಿಯೊಂದೇ. ಪುಡಿಯ ಕಣಗಳ ಈ ಗುಣವನ್ನು ವಿಜ್ಞಾನಿ ರ‍್ಯಾಮ್ಸ್‌ಡನ್ 1903ರಲ್ಲೇ ಬರೆದಿದ್ದರು, ಪಿಕರಿಂಗ್ ಬರೆದದ್ದು 1907ರಲ್ಲಿ. ಹೆಸರು ಸಂದದ್ದು ಪಿಕರಿಂಗ್‌ಗೆ!

ನೈಟ್ರೋಜನ್ ಗುಳುಗುಳು ಹಾಯುತ್ತಿದೆ. ಆಮ್ಲಜನಕ ಉಳಿದರೆ ಕ್ರಿಯೆಯನ್ನು ಶುರುವಿನಲ್ಲೇ ನುಂಗಿಹಾಕುತ್ತದೆ. ಇನ್ನೂ ಸ್ವಲ್ಪ ಕಾಯೋಣವೆ? ಅಷ್ಟರಲ್ಲಿ ಸೀಸೆಯ ಅಂಚಿನಲ್ಲಿ ಏನೋ ಮಿನುಗುತ್ತದೆ. ಎಣ್ಣೆ! ಹನಿಗಳು ಕೂಡಿಕೊಳ್ಳುತ್ತಿವೆ. ಎದೆ ಧಸಕ್ಕೆನ್ನುತ್ತದೆ. ಕಾದರೆ ಹನಿ ಹೋಯಿತು, ಅವಸರಪಟ್ಟರೆ ಗೋಡೆ ಹೋಯಿತು. ಕನ್ನಡಕ. ಬಾಗಿಲು. ಸ್ವಿಚ್ಚು.

365 ನ್ಯಾನೊಮೀಟರಿನ ನೇರಳಾತೀತ ಬೆಳಕು. ಬಿಳಿ ದ್ರವ ಅದನ್ನು ಚದುರಿಸಿಬಿಡುತ್ತದೆ, ಆಳಕ್ಕೆ ಇಳಿಯಗೊಡುವುದಿಲ್ಲ. ಹಾಗಾಗಿ ಕಲಕುತ್ತಲೇ ಇರಬೇಕು, ಆದರೆ ಮೆಲ್ಲಗೆ. ಉಸಿರು ಬಿಗಿಹಿಡಿದು ಥರ್ಮಾಮೀಟರ್ ನೋಡುತ್ತೀರಿ. ಅಂಕಿ ಅಲುಗುತ್ತಿಲ್ಲ. ಅಲುಗುತ್ತಿಲ್ಲ. ಏರಿತು! ಅಕ್ರಿಲೇಟ್ ಕೊಂಡಿಕೊಂಡಿಯಾಗಿ ಬೆಸೆಯುವಾಗ ಬಿಡುವ ಬಿಸಿ ಅದು. ಬೆಳಕಿನ ಬದಲು ಒಲೆಯನ್ನೇ ನಂಬಿದ್ದರೆ ಗಂಟೆಗಟ್ಟಲೆ ಕಾಯಿಸಬೇಕಿತ್ತು, ಸುಗಂಧದ ಒಂದು ಪಾಲು ಹಬೆಯಾಗಿ ಹೋಗುತ್ತಿತ್ತು.

ಒಂದು ತೊಟ್ಟನ್ನು ಗಾಜಿನ ಮೇಲೆ ಒಣಗಿಸಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಡುತ್ತೀರಿ. ಕೆಲವು ಕೋಶಗಳು ಕುಸಿದು ಚಪ್ಪಟೆಯಾಗಿವೆ, ಉಳಿದವು ಗುಂಡಗೆ ನಿಂತಿವೆ. ಮೇಲಿನ ಗಾಜನ್ನು ಒತ್ತಿದರೆ ಆ ಘಾಟಿನ ನಡುವೆಯೂ ಪರಿಮಳ ಹೊಮ್ಮುತ್ತದೆ.

ಖುಷಿಪಡಿ, ಆದರೆ ಗೋಡೆಯ ಬಗ್ಗೆಯೂ ಯೋಚಿಸಿ. ಜೇಡಿ ಮಣ್ಣಿನ ಪಾಲಾಗುತ್ತದೆ, ಅಕ್ರಿಲೇಟ್ ಬೇಗನೆ ಕೊಳೆಯುವುದಲ್ಲ. ಕೊಳೆಯದ ಪ್ಲಾಸ್ಟಿಕ್ಕಿನ ಸುಗಂಧ ಕೋಶಗಳಿಗೆ ಯುರೋಪಿಯನ್ ಒಕ್ಕೂಟದ 2023ರ ನಿಯಮ ಕೊಟ್ಟಿರುವ ಗಡುವು 2029ರ ಅಕ್ಟೋಬರ್.