ತೊಳೆದಿಟ್ಟ ಹೊಂಡ

ಹೊಂಡಕ್ಕೆ ಇಳಿಬಿಟ್ಟ ಚೆಕ್ ಟ್ರೇಯಲ್ಲಿ ಸಂಜೆಯ ಫೀಡು ಹಾಗೇ ಉಳಿದಿತ್ತು. ಶೆಟ್ಲಿ, ಅಂದರೆ ಸಿಗಡಿ, ಫೀಡು ಬಿಟ್ಟಿತೆಂದರೆ ಹೊಂಡದೊಳಗೆ ಏನೋ ಕೆಟ್ಟಿದೆ ಎಂದೇ ಲೆಕ್ಕ. ಒಂದನ್ನು ಎತ್ತಿ ಟಾರ್ಚಿಗೆ ಅಡ್ಡ ಹಿಡಿದೆ. ಬೆನ್ನುದ್ದಕ್ಕೂ ಕಪ್ಪು ಗೆರೆಯಾಗಿ ಕಾಣಬೇಕಾದ ಕರುಳು ಖಾಲಿ. ತಲೆಯೊಳಗೆ ಕಂದಾಗಿ ತುಂಬಿಕೊಂಡಿರಬೇಕಾದ ಲಿವರ್ ಬಿಳಿಚಿ ಕುಗ್ಗಿತ್ತು. ಚಿಪ್ಪು ಒತ್ತಿದರೆ ಮೆತ್ತಗೆ. ಟಾರ್ಚ್ ಆರಿಸಿದ ಮೇಲೆ ಇನ್ನೊಂದು ಕಂಡಿತು. ದಡದಂಚಿಗೆ ಬಂದು ಸತ್ತವು ಕತ್ತಲಲ್ಲಿ ತಾವೇ ಮಂಕಾಗಿ ಹಸಿರು ಬೆಳಗುತ್ತಿದ್ದವು. ನೋಡಿ ಹೆಂಡತಿ ಮಾತಾಡಲಿಲ್ಲ. ಈ ಬೆಳೆಗೆಂದು ಸೊಸೈಟಿಯಲ್ಲಿ ಅಡವಿಟ್ಟದ್ದು ಅವಳ ಬಳೆ.

ನಮ್ಮದು ಕುಮಟಾ ತಾಲ್ಲೂಕು, ಅಘನಾಶಿನಿ ಅಳಿವೆಯ ಉಪ್ಪುನೀರಿನ ಗಜನಿ ಗದ್ದೆ. ಅಪ್ಪನ ಕಾಲಕ್ಕೆ ಮಳೆಗಾಲದಲ್ಲಿ ಕಗ್ಗ ಭತ್ತ, ಕೊಯ್ಲಾದ ಮೇಲೆ ಭರತದ ನೀರಿನೊಂದಿಗೆ ತಾನಾಗಿ ಒಳಬಂದ ಮೀನು, ಶೆಟ್ಲಿ. ಆಮೇಲೆ ಟೈಗರ್ ಶೆಟ್ಲಿಯ ಹೊಂಡಗಳಾದವು. 1994ರ ಕೊನೆಗೆ ಪೂರ್ವ ಕರಾವಳಿಯಲ್ಲಿ ಶುರುವಾದ ಬಿಳಿಚುಕ್ಕೆ ವೈರಸ್ ಈ ಕಡೆಗೂ ಬಂದು ಎಷ್ಟೋ ಹೊಂಡ ಪಾಳುಬಿದ್ದವು. 2009ರಲ್ಲಿ ವನ್ನಾಮೆ ಜಾತಿಯ ಶೆಟ್ಲಿಗೆ ಸರ್ಕಾರದ ಅನುಮತಿ ಸಿಕ್ಕ ಮೇಲೆ ಜನ ಮತ್ತೆ ಇಳಿದರು, ಆದರೆ ಹಳೇ ಹೆದರಿಕೆ ಹೋಗಿರಲಿಲ್ಲ. "ಅಣ್ಣಾ, ನೀರಲ್ಲಿ ಒಂದು ಜೀವವೂ ಉಳಿಯಬಾರದು, ಆಮೇಲೆ ಮರಿ ಬಿಡಿ" ಎಂದು ಔಷಧಿ ಅಂಗಡಿಯವರು ಹೇಳುತ್ತಿದ್ದರು. ಹತ್ತು ಲಕ್ಷ ಲೀಟರ್ ನೀರಿಗೆ 60 ಕಿಲೋ ಬ್ಲೀಚಿಂಗ್ ಪೌಡರ್. ಕಟ್ಟೆಯುದ್ದಕ್ಕೂ ಎಲ್ಲರೂ ಹಾಗೇ ಮಾಡಿದೆವು. ತಳ ಕಾಣುವಷ್ಟು ತಿಳಿಯಾದ ನೀರು ನೋಡಿ ಖುಷಿಯೂ ಪಟ್ಟೆವು.

ಹಾಗಿದ್ದೂ ಸತ್ತ ಶೆಟ್ಲಿಯನ್ನು ಪರೀಕ್ಷಿಸಿದ ಲ್ಯಾಬಿನವರು ಬಿಳಿಚುಕ್ಕೆ ಇಲ್ಲ, ವಿಬ್ರಿಯೊ ಬ್ಯಾಕ್ಟೀರಿಯಾ ಎಂದರು. ಅಂಗಡಿಗೆ ಫೋನ್ ಮಾಡಿದರೆ ಇನ್ನಷ್ಟು ಬ್ಲೀಚಿಂಗ್, ಅಯೋಡಿನ್, ಜೊತೆಗೊಂದು ಹೆಸರಿಲ್ಲದ ಪುಡಿ. ಪುಡಿಯಲ್ಲಿ ಏನಿದೆ ಎಂದರೆ ಉತ್ತರ ಇಲ್ಲ. ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್‌ನಂಥ ನಿಷೇಧಿತ ಔಷಧಿಯ ಅಂಶ ಸಿಕ್ಕರೆ ವಿದೇಶಕ್ಕೆ ಹೋದ ಮಾಲು ವಾಪಸ್ ಬರುತ್ತದೆ. ಆ ಪುಡಿ ಕೊಳ್ಳಲಿಲ್ಲ.

ಮುಂದಿನ ದಿನಗಳು ಸತ್ತವನ್ನು ಬಲೆಯಲ್ಲಿ ಎತ್ತುವುದು, ಗುಂಡಿ ತೋಡುವುದು, ಸುಣ್ಣ ಹಾಕಿ ಮುಚ್ಚುವುದು. ಗರುಡಗಳು ತಲೆಮೇಲೆ ಸುತ್ತುತ್ತಿದ್ದವು. ಒಂದು ಹೊಂಡದ ಸತ್ತ ಶೆಟ್ಲಿಯನ್ನು ಕಚ್ಚಿಕೊಂಡು ಹೋಗಿ ಇನ್ನೊಂದಕ್ಕೆ ಬೀಳಿಸುತ್ತವೆಂದು ಮಗ ಪಟಾಕಿ ಹಿಡಿದು ಕಟ್ಟೆಮೇಲೆ ಕೂರುತ್ತಿದ್ದ. ರಾತ್ರಿ ಕರೆಂಟ್ ಹೋದರೆ ಜನರೇಟರ್‌ಗೆ ಓಡಬೇಕು, ನೀರಿಗೆ ಗಾಳಿ ಕೊಡುವ ಏರಿಯೇಟರ್ ನಿಂತರೆ ಉಳಿದವೂ ಬೆಳಗಾಗುವುದರೊಳಗೆ ಹೋದಂತೆ. ಕೊನೆಗೆ ಬಲೆ ಎಳೆಸಿದೆವು. ಶೆಟ್ಲಿ ಇನ್ನೂ ಸಣ್ಣವು. ಕೊಳ್ಳುವವನಿಗೆ ನಮ್ಮ ಅವಸರ ಗೊತ್ತಿತ್ತು, ರೇಟನ್ನೂ ಅದರಂತೆಯೇ ಹೇಳಿದ. ಡೀಸೆಲ್ ಬಾಕಿಯೂ ತೀರಲಿಲ್ಲ.

ಲ್ಯಾಬಿನ ಹಿರಿಯರೊಬ್ಬರು ಹೊಂಡ ನೋಡಲು ಬಂದಿದ್ದರು. ಉತ್ತು ಬಿಟ್ಟ ಗದ್ದೆಗೆ ಮೊದಲು ಬರುವುದು ಕಳೆಯಲ್ಲವೇ, ಇದೂ ಹಾಗೇ ಎಂದರು. ಕ್ಲೋರಿನ್ ಎಲ್ಲವನ್ನೂ ಕೊಲ್ಲುತ್ತದೆ. ಆಮೇಲೆ ಫೀಡು, ಹಿಕ್ಕೆ ಬಿದ್ದಾಗ ಬೇಗ ಹೆಚ್ಚುವವರದೇ ರಾಜ್ಯ. ಅನುಕೂಲ ಸಿಕ್ಕರೆ ಕೆಲವು ವಿಬ್ರಿಯೊ ಹತ್ತು-ಹನ್ನೆರಡು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವಂತೆ. ನಿಧಾನವಾಗಿ ಬೆಳೆದು ಜಾಗ ಹಿಡಿದುಕೊಳ್ಳುವ ಸಾಧು ಬ್ಯಾಕ್ಟೀರಿಯಾ, ಪಾಚಿಗಳು ಮೊದಲೇ ನೆಲೆಸಿದ್ದರೆ ವಿಬ್ರಿಯೊಗೆ ಅಷ್ಟು ಅವಕಾಶವಿರುವುದಿಲ್ಲ. ಫಿಲಿಪ್ಪೀನ್ಸ್‌ನ ರೈತರು ತಿಲಾಪಿಯಾ ಸಾಕಿದ ಹಸಿರು ನೀರನ್ನು ಶೆಟ್ಲಿ ಹೊಂಡಕ್ಕೆ ಬಿಟ್ಟು ಇದೇ ಬೆಳಗುವ ರೋಗವನ್ನು ತಡೆದದ್ದನ್ನೂ ಅವರೇ ಹೇಳಿದ್ದು.

ಬ್ಲೀಚಿಂಗ್ ಪೂರ್ತಿ ಬಿಡಲು ಬರುವುದಿಲ್ಲ. ಬಿಳಿಚುಕ್ಕೆ ಹೊತ್ತು ತರುವ ಸಣ್ಣ ಏಡಿ, ಕಾಡು ಶೆಟ್ಲಿ ಸಾಯಲೇಬೇಕು. ಆದರೆ ಈಗ ಬ್ಲೀಚಿಂಗ್ ಹಾಕುವುದು ಹೊರಗಿನ ಸಂಗ್ರಹ ಹೊಂಡದಲ್ಲಿ, ಮರಿ ಬರುವ ಎಷ್ಟೋ ಮೊದಲೇ. ಸಾಕುವ ಹೊಂಡದ ಕಪ್ಪು ಕೆಸರನ್ನು ತೆಗೆಸಿ ತಳ ಬಿರಿಯುವಷ್ಟು ಒಣಗಿಸುತ್ತೇವೆ. ಕ್ಲೋರಿನ್ ಪೂರ್ತಿ ಹೋದ ನೀರನ್ನು ತುಂಬಿಸಿ, ಅಕ್ಕಿ ತೌಡು, ಬೆಲ್ಲ, ಯೀಸ್ಟ್ ರಾತ್ರಿಯಿಡೀ ಹುದುಗಿಸಿ ಸೋಸಿದ ರಸವನ್ನು ಸುರಿಯುತ್ತಾ, ಏರಿಯೇಟರ್ ತಿರುಗಿಸುತ್ತಾ ನೀರು ಹಸಿರುಗಂದಾಗುವವರೆಗೆ ಕಾಯುತ್ತೇವೆ. ಹುಳಿ ವಾಸನೆಗೆ ಮನೆಯವರಿಗೆಲ್ಲ ಬೇಸರ. ಪ್ರೋಬಯಾಟಿಕ್ ಡಬ್ಬಿಯೊಂದೇ ಸಾಕು ಎನ್ನುವವರ ಮಾತು ನಾನು ನಂಬುವುದಿಲ್ಲ. ತಳದಲ್ಲಿ ಕೊಳೆ ಕೂತಿದ್ದರೆ ಡಬ್ಬಿಯ ದುಡ್ಡೂ ದಂಡ. ಫೀಡನ್ನೂ ಟ್ರೇ ನೋಡಿಯೇ ಹಾಕುವುದು.

ಮುಂದಿನ ಬೆಳೆ ಉಳಿಯಿತು. ಬಳೆ ಇನ್ನೂ ಸೊಸೈಟಿಯಲ್ಲೇ ಇದೆ. ನನ್ನ ಹೊಂಡದ ನೀರನ್ನು ನಾನು ಹದ ಮಾಡಿಕೊಳ್ಳಬಹುದು, ನೀರು ಬಂದುಹೋಗುವ ಕೋಡಿ ಮಾತ್ರ ಎಲ್ಲರದು. ರೋಗ ಬಂದ ಹೊಂಡದ ನೀರನ್ನು ಕ್ಲೋರಿನ್ ಹಾಕದೆ ರಾತ್ರೋರಾತ್ರಿ ಬಿಡುವವರು ಈ ಕಟ್ಟೆಯಲ್ಲಿದ್ದಾರೆ. ರೋಗ ಕಂಡ ಕೂಡಲೇ ಒಬ್ಬರಿಗೊಬ್ಬರು ಫೋನ್ ಮಾಡುವುದೆಂದು ಮಾತಾಗಿದೆ. ಕೆಲವರು ಮಾಡುತ್ತಾರೆ. ಮಾಡದವರ ಮನೆಗೆ ನಾಳೆ ನಾಲ್ಕು ಜನ ಹೋಗುವವರಿದ್ದೇವೆ.