ಅಗಳಿಯ ಮನೆ

ಅಂಕೋಲೆಯ ನಮ್ಮ ಹಳೇ ಮನೆಯ ಹೆಬ್ಬಾಗಿಲಿಗೆ ಬೀಗವಿಲ್ಲ, ಅಗಳಿ ಇದೆ. ಹಲಸಿನ ಮರದ ದಪ್ಪ ತುಂಡು, ಗೋಡೆಯೊಳಗಿನ ತೂತಿನಿಂದ ಎಳೆದರೆ ಬಾಗಿಲಿಗೆ ಅಡ್ಡ ಬರುತ್ತೆ, ತಳ್ಳಿದರೆ ಒಳಗೆ ಹೋಗುತ್ತೆ. ಗೋಡೆ ಎರಡಡಿ ದಪ್ಪ, ಕಿಟಕಿ ಒಂದೊಂದು ಮೊಳ. ಚಿಕ್ಕವನಿದ್ದಾಗ ಆ ತೂತಿನಲ್ಲಿ ನನ್ನ ಕೈ ಭುಜದವರೆಗೂ ಹೋಗುತ್ತಿತ್ತು. "ತಮಾ, ಹಾವಿದ್ದೀತು, ಕೈ ತೆಗಿ" ಅಂತ ದೊಡ್ಡಪ್ಪ ಗದರುತ್ತಿದ್ದರು. ಶಾಲೆಯಿಂದ ಮಿರ್ಜಾನ್ ಕೋಟೆಗೆ ಪ್ರವಾಸ ಹೋದಾಗ ನನಗೆ ಆಶ್ಚರ್ಯವೇ ಆಗಲಿಲ್ಲ. ಅದೇ ಕೆಂಪು ಚಿರೆಕಲ್ಲು, ಅದೇ ದಪ್ಪ ಗೋಡೆ. ರಾಣಿ ಚೆನ್ನಭೈರಾದೇವಿಯದ್ದು ನಮ್ಮ ಮನೆಗಿಂತ ಸ್ವಲ್ಪ ದೊಡ್ಡದು, ಅಷ್ಟೇ ಅಂದುಕೊಂಡಿದ್ದೆ!

ನಮ್ಮ ಕರಾವಳಿಯಲ್ಲಿ ಇಟ್ಟಿಗೆ ಸುಡುವ ಗೋಜು ಅಷ್ಟಾಗಿ ಬೇಕಿರಲಿಲ್ಲ. ನೆಲವೇ ಇಟ್ಟಿಗೆ. ಅಗೆಯುವಾಗ ಮೆತ್ತಗಿರುವ ಕಲ್ಲು, ಕಡಿದು ಗಾಳಿ-ಬಿಸಿಲಿಗೆ ಬಿಟ್ಟರೆ ಗಟ್ಟಿಯಾಗುತ್ತದೆ. 1801ರಲ್ಲಿ ಅಂಕೋಲೆ, ಸದಾಶಿವಗಡದ ಕಡೆಯೂ ಓಡಾಡಿದ ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಇದನ್ನು ಗಮನಿಸಿದ್ದ. ಅಲ್ಲಿನವರು ಇದನ್ನು ಇಟ್ಟಿಗೆ ಕಲ್ಲು ಅಂತಲೇ ಕರೆಯುತ್ತಿದ್ದರಂತೆ. 1807ರ ತನ್ನ ಪುಸ್ತಕದಲ್ಲಿ ಅವನಿಟ್ಟ ಹೆಸರು ಲ್ಯಾಟರೈಟ್. ಲ್ಯಾಟಿನ್‌ನ 'ಲೇಟರ್' ಅಂದರೂ ಇಟ್ಟಿಗೆಯೇ. ನಮ್ಮ ಮಾಡಿನ ಮಂಗಳೂರು ಹೆಂಚಿನ ಕಾಲ ಶುರುವಾದದ್ದು ಆಮೇಲೆ, 1865ರಲ್ಲಿ ಬಾಸೆಲ್ ಮಿಷನ್‌ನವರ ಕಾರ್ಖಾನೆಯಿಂದ.

ಇಷ್ಟೆಲ್ಲ ಓದಿಕೊಂಡದ್ದು ತಪ್ಪು ಮಾಡಿದ ಮೇಲೆ. ಕೆಲಸ ಸಿಕ್ಕ ಎರಡನೇ ವರ್ಷ ದೊಡ್ಡ ಮನುಷ್ಯನ ಹಾಗೆ ಬೆಂಗಳೂರಿನಿಂದ ದುಡ್ಡು ಕಳಿಸಿ, ಹೊರಗೋಡೆಗೆಲ್ಲ ಸಿಮೆಂಟ್ ಪ್ಲಾಸ್ಟರ್ ಮಾಡಿಸಿ, ಬಣ್ಣ ಹೊಡೆಸಿದೆ. ಫೋಟೋ ನೋಡಿ ಎಲ್ಲರೂ ಹೊಗಳಿದರು. ಮೂರನೇ ಮಳೆಗಾಲಕ್ಕೆ ಗೋಡೆ ಬೆವರತೊಡಗಿತು. ದೇವರ ಕೋಣೆಯ ಪಟಗಳಿಗೂ ಬೂಷ್ಟು. ಚಿರೆಕಲ್ಲಿನ ತುಂಬ ಸಣ್ಣ ತೂತುಗಳು. ಮಳೆಯಲ್ಲಿ ನೀರು ಕುಡಿಯುತ್ತದೆ, ಬಿಸಿಲಿಗೆ ಆರುತ್ತದೆ. ಸುಣ್ಣದ ಗಾರೆ ಆ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟು ಒಳಗೇ ಹಿಡಿದಿಡುತ್ತದೆ. ಇಂಜಿನಿಯರಿಂಗ್ ಓದಿದವನಿಗೆ ಇದನ್ನು ಹೇಳಿಕೊಟ್ಟವರು ಊರಿನ ಮುದಿ ಗವಂಡಿ. (ನನ್ನದು ಕಂಪ್ಯೂಟರ್ ಸೈನ್ಸು ಅನ್ನೋದು ಬರೀ ನೆಪ.)

ಕೆಡವಿ ಆರ್‌ಸಿಸಿ ಮನೆ ಕಟ್ಟೋಣ ಅಂತ ಕಾರವಾರದಲ್ಲಿರುವ ಅಣ್ಣಂದಿರು. ಅವರದ್ದೂ ತಪ್ಪಲ್ಲ, ಎಂಬತ್ತು ದಾಟಿದ ದೊಡ್ಡಪ್ಪ ಆ ತೇವದಲ್ಲಿ ಮಲಗಿ ಕೆಮ್ಮುತ್ತಾರೆ. ದೊಡ್ಡಪ್ಪ ಮಾತ್ರ ನನ್ನ ಮುಖ ನೋಡಿ, "ಪ್ಲಾಸ್ಟರ್ ಮಾಡ್ಸಿದವ ನೀನು, ನೀನೇ ಹೇಳು" ಅಂದರು.

ಒಂದು ವರ್ಷ ಕೊಡಿ ಅಂದೆ. ದೀಪಾವಳಿ ರಜೆಯಲ್ಲಿ ಗವಂಡಿಯ ಜೊತೆ ನಿಂತು ಬಡಗಣ ಗೋಡೆಯ ಪ್ಲಾಸ್ಟರ್ ಕಿತ್ತೆವು. ಒಳಗಿನ ಕಲ್ಲು ನೆನೆದ ಬೆಲ್ಲದ ಹಾಗಿತ್ತು. ಮಳೆಗಾಲದೊಳಗೆ ಅದು ಆರಿದರೆ ಸುಣ್ಣದ ಗಾರೆ, ಇಲ್ಲವಾದರೆ ಅಣ್ಣಂದಿರ ಮಾತು.

ದೊಡ್ಡಪ್ಪ ದಿನಾ ಬೆಳಿಗ್ಗೆ ಗೋಡೆಗೆ ಅಂಗೈ ಇಟ್ಟು ನೋಡಿ ಫೋನ್ ಮಾಡುತ್ತಾರೆ. "ಮೇಲೆ ಆರಿದೆ ತಮಾ, ಬುಡದಲ್ಲಿ ಇನ್ನೂ ಹಸಿನೇ ಅದೆ."