ಅಳಿಸದೆ ಉಳಿಸಿದ ದನಿ

ತೀರಿಹೋದವರೊಬ್ಬರ ದನಿ ನಿಮ್ಮ ಮನೆಯಲ್ಲಿ ಎಲ್ಲಾದರೂ ಉಳಿದಿದೆಯೇ? ಹಳೆಯ ಕ್ಯಾಸೆಟ್ಟಿನಲ್ಲೋ ಮೊಬೈಲಿನಲ್ಲೋ ಸೆರೆಸಿಕ್ಕ ಒಂದು ನಗು, ಒಂದು ಕೆಮ್ಮು, ಅರ್ಧಕ್ಕೆ ನಿಂತ ಒಂದು ಹಾಡು? ಅದನ್ನು ಅಳಿಸಿಹಾಕಲು ನಿಮಗೆ ಮನಸ್ಸು ಬಂದೀತೇ?

ಈ ಪ್ರಶ್ನೆಯನ್ನು ನನ್ನಲ್ಲಿ ಎಬ್ಬಿಸಿದ್ದು ಆಸ್ಟ್ರೇಲಿಯಾದ ಎಸಿ/ಡಿಸಿ ಎಂಬ ರಾಕ್ ತಂಡ. 1979ರಲ್ಲಿ ಅವರು ಹೊರತಂದ ಧ್ವನಿಮುದ್ರಿಕೆಯ ಹೆಸರು 'ಹೈವೇ ಟು ಹೆಲ್', ಅಂದರೆ ನರಕದ ಹೆದ್ದಾರಿ. ಆ ಹೆಸರೊಂದನ್ನೇ ಕೇಳಿ ನಾನು ಬಹುಕಾಲ ಅವರನ್ನು ದೂರವಿಟ್ಟಿದ್ದೆ.

ಸ್ಕಾಟ್ಲೆಂಡಿನಿಂದ ವಲಸೆ ಬಂದ ಕುಟುಂಬದ ಮಾಲ್ಕಮ್ ಮತ್ತು ಆಂಗಸ್ ಯಂಗ್ ಎಂಬ ಸೋದರರು 1973ರಲ್ಲಿ ಸಿಡ್ನಿಯಲ್ಲಿ ಈ ತಂಡವನ್ನು ಕಟ್ಟಿದರು. ಹೊಲಿಗೆ ಯಂತ್ರದ ಮೇಲಿದ್ದ ಅಕ್ಷರಗಳನ್ನು ಕಂಡು ಹೆಸರು ಸೂಚಿಸಿದವರು ಅವರ ಅಕ್ಕ ಮಾರ್ಗರೆಟ್. 1974ರಲ್ಲಿ ಬಾನ್ ಸ್ಕಾಟ್ ಗಾಯಕರಾಗಿ ಸೇರಿದರು. 1980ರ ಫೆಬ್ರವರಿ 19ರಂದು, ಲಂಡನ್ನಿನಲ್ಲಿ, ಒಂದು ರಾತ್ರಿಯ ಅತಿಯಾದ ಕುಡಿತ ಅವರನ್ನು ಬಲಿ ತೆಗೆದುಕೊಂಡಿತು. ಆಗ ಅವರಿಗೆ 33 ವರ್ಷ.

ಅದೇ ವರ್ಷ ಹೊಸ ಗಾಯಕನೊಂದಿಗೆ ತಂಡ 'ಬ್ಯಾಕ್ ಇನ್ ಬ್ಲ್ಯಾಕ್' ಹೊರತಂದಿತು. ಅದರ ಹೊದಿಕೆ ಶೋಕದ ಕಪ್ಪು. ಮೊದಲು ಕೇಳುವುದು ಗಂಟೆಯ ನಾದ. ಶೋಕ ಅಲ್ಲಿಗೇ ಮುಗಿಯಲಿಲ್ಲ. 1997ರಲ್ಲಿ ಅವರು ಬಾನ್ ಸ್ಕಾಟರ ನೆನಪಿಗೆ ಒಂದು ಸಂಗ್ರಹವನ್ನು ಪ್ರಕಟಿಸಿದರು. ಮುಂದೊಂದು ದಿನ ತಾನೊಬ್ಬನೇ ಹಾಡಿ ತರುವ ಮುದ್ರಿಕೆಗೆ 'ಬಾನ್‌ಫೈರ್' ಎಂದು ಹೆಸರಿಡುವೆನೆಂದು ಆತ ತಮಾಷೆ ಮಾಡುತ್ತಿದ್ದರು. ಗೆಳೆಯರು ಆ ತಮಾಷೆಯನ್ನೂ ಮರೆಯದೆ, ಸಂಗ್ರಹಕ್ಕೆ ಅದೇ ಹೆಸರನ್ನಿಟ್ಟರು.

ಸಾವಿಗೆ 72 ದಿನಗಳ ಮುಂಚೆ, 1979ರ ಡಿಸೆಂಬರ್ 9ರಂದು, ಪ್ಯಾರಿಸ್ಸಿನಲ್ಲಿ ಹಾಡಿದ ಕಛೇರಿ ಅದರಲ್ಲಿದೆ. ಆದರೆ ನನ್ನನ್ನು ತಟ್ಟಿದ್ದು 'ವೋಲ್ಟ್ಸ್' ಎಂಬ ಭಾಗ. ಅಲ್ಲಿ ಕೆಲವು ಹಾಡುಗಳ ಕರಡುಗಳಿವೆ. ಮುಂದೆ ಹೆಸರಾದ 'ಹೋಲ್ ಲಾಟ ರೋಸಿ' ಅಲ್ಲಿ ಇನ್ನೂ 'ಡರ್ಟಿ ಐಸ್' ಎಂಬ ಬೇರೆ ಹಾಡು. ತಿದ್ದಿ ತೀಡುವ ಮೊದಲಿನ ಆ ದನಿಯನ್ನು ಯಾರೂ ಎಸೆಯಲಿಲ್ಲ.

ಮುಂದೆ ಮಾಲ್ಕಮ್‌ರನ್ನು ಮರೆವಿನ ರೋಗ ಕಾಡಿತು. ತಾವೇ ಹುಟ್ಟಿಸಿದ ನಾದಗಳನ್ನು ಅವರು ವೇದಿಕೆಗೆ ಏರುವ ಮುನ್ನ ಮತ್ತೆ ಕಲಿಯಬೇಕಾಯಿತು. 2017ರ ನವೆಂಬರ್ 18ರಂದು ಅವರು ತೀರಿಕೊಂಡರು. ಅಂತ್ಯವಿಧಿ ನಡೆದದ್ದು ಎಲ್ಲಿ ಬಲ್ಲಿರಾ? ಸಿಡ್ನಿಯ ಸಂತ ಮರಿಯಮ್ಮನವರ ಪ್ರಧಾನಾಲಯದಲ್ಲಿ. ನಾನು ಹೆಸರು ಕೇಳಿಯೇ ಹೊರಗಿಟ್ಟವರಿಗೆ ಧರ್ಮಸಭೆ ಬಾಗಿಲು ತೆರೆದಿತ್ತು. ಅದನ್ನು ತಿಳಿದಂದು ನನಗೆ ನಾಚಿಕೆಯಾಯಿತು.

ಒಬ್ಬ ಮನುಷ್ಯನನ್ನು ಅವನ ಕೊನೆಯ ರಾತ್ರಿಯಿಂದಲೇ ಅಳೆಯುವುದು ಸುಲಭ. 'ಕುಡಿದು ಸತ್ತ' ಎಂಬ ಎರಡೇ ಮಾತು ಸಾಕು. ಪ್ರೀತಿಸುವವರು ಮಾತ್ರ ಅವನ ಅರೆಬರೆ ಹಾಡುಗಳನ್ನೂ ಹದಿನೇಳು ವರ್ಷಗಳ ನಂತರ ಹುಡುಕಿ ಜೋಡಿಸುತ್ತಾರೆ.

ನಿಮ್ಮ ಮನೆಯಲ್ಲೂ ಅಂಥ ಒಬ್ಬರಿದ್ದಿರಬಹುದು. ಹೆಸರೆತ್ತಿದರೆ ಎಲ್ಲರೂ ಮೌನವಾಗುವಂಥವರು. ಇಂದು ರಾತ್ರಿ ಊಟಕ್ಕೆ ಕುಳಿತಾಗ, ಅವರು ಹಾಡುತ್ತಿದ್ದ ಒಂದು ಹಾಡನ್ನು ಮಕ್ಕಳಿಗೆ ಹೇಳಿಕೊಡಿ.